ಬ್ಯಾನರ್ ಬೇಡ, ಬೆರಕೆ ಸೊಪ್ಪು ಬೇಕು: ನಮ್ಮ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒ ಅವರಿಗೆ, ಹಾಗೆಯೇ ಊರಿನ ಎಲ್ಲರಿಗೂ,

ನಮಸ್ಕಾರ.

ಹೋದ ಗ್ರಾಮಸಭೆಯಲ್ಲಿ ಒಂದು ಪ್ರಸ್ತಾವ ಬಂತು. ನಮ್ಮ ಪಂಚಾಯಿತಿಯಲ್ಲಿ ಒಂದು ತಿಂಗಳು ಸಸ್ಯಾಹಾರ ಮಾಸ ಮಾಡೋಣ, ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟೋಣ, ಶಾಲೆ ಮಕ್ಕಳಿಂದ ಜಾಥಾ ಮಾಡಿಸೋಣ, ಆ ತಿಂಗಳು ಮಟನ್ ಅಂಗಡಿ ಬಾಗಿಲು ಹಾಕಿಸೋಣ ಅಂತ. ಆಮೇಲೆ ಏನಾಯಿತು ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ಆರೋಗ್ಯದ ಮಾತು ಹೋಗಿ ಜಾತಿಯ ಮಾತು ಬಂತು. ಅರ್ಧ ಜನ ಎದ್ದು ಹೋದರು. ವಿಷಯವನ್ನು ಮುಂದಿನ ಸಭೆಗೆ ಹಾಕಲಾಗಿದೆ. ಅಷ್ಟರೊಳಗೆ ನನ್ನ ಅಭಿಪ್ರಾಯ ಬರೆದು ತಿಳಿಸೋಣ ಅನಿಸಿತು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈ ನಾಗಮಂಗಲ ಸೀಮೆಯ ಎಷ್ಟೋ ಜನರ ರಕ್ತ ನನ್ನ ಕೈಯಿಂದ ಹಾದು ಹೋಗಿದೆ. ಯಾರ ಮನೆಯಲ್ಲಿ ಏನು ಬೇಯುತ್ತದೆ ಅಂತ ಕೇಳುವುದು ನನ್ನ ಕೆಲಸ ಆಗಿರಲಿಲ್ಲ. ಆದರೆ ರಿಪೋರ್ಟ್ ನೋಡಿದರೆ ಅಡುಗೆಮನೆ ಅರ್ಧ ಗೊತ್ತಾಗಿಬಿಡುತ್ತದೆ.

ನನ್ನ ನಿಲುವು ಇಷ್ಟು. ಊರಿನ ಜನ ಸೊಪ್ಪು, ಕಾಳು, ತರಕಾರಿ, ಹಣ್ಣು ಜಾಸ್ತಿ ತಿನ್ನಬೇಕು, ಅದಕ್ಕೆ ಪಂಚಾಯಿತಿ ಕೆಲಸ ಮಾಡಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಮಾಂಸದಂಗಡಿ ಮುಚ್ಚಿಸುವುದರಿಂದ ಒಬ್ಬರ ಶುಗರೂ ಇಳಿಯುವುದಿಲ್ಲ. ನಮ್ಮ ಊರಿನ ಬಹಳ ಮನೆಗಳಲ್ಲಿ ಬಾಡು ಬರುವುದು ಭಾನುವಾರ, ಇಲ್ಲ ಹಬ್ಬಕ್ಕೆ, ಇಲ್ಲ ಬೀಗರ ಊಟಕ್ಕೆ. ವಾರದ ಉಳಿದ ದಿನ ತಟ್ಟೆಯಲ್ಲಿ ಏನಿರುತ್ತದೆ? ಒಂದು ಗುಡ್ಡೆ ಅನ್ನ, ತಿಳಿಸಾರು, ಪಕ್ಕದಲ್ಲಿ ಉಪ್ಪಿನಕಾಯಿ. ಬೆಳಿಗ್ಗೆ ಚಿತ್ರಾನ್ನ, ಸಂಜೆ ಬೇಕರಿಯ ಬನ್ನು, ನಡುವೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ. ಇದೆಲ್ಲ ಅಪ್ಪಟ ಸಸ್ಯಾಹಾರವೇ. ಕಾಯಿಲೆ ಬರುತ್ತಿರುವುದೂ ಇದರಿಂದಲೇ.

ಗೋಬಿ ಮಂಚೂರಿಯೂ ಸಸ್ಯಾಹಾರವೇ ಅಲ್ವಾ? ಅದಕ್ಕೆ ಹಾಕುವ ಕೃತಕ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ನಿಷೇಧ ಮಾಡಬೇಕಾಯಿತು. ಹಾಗಾಗಿ 'ಸಸ್ಯಾಹಾರ ತಿನ್ನಿ' ಅಂತ ಒಂದು ಬ್ಯಾನರ್ ಕಟ್ಟಿದರೆ ಏನು ತಿನ್ನಬೇಕು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಯಾರು ಮೇಲು, ಯಾರು ಕೀಳು ಅನ್ನುವ ಹಳೆಯ ಜಗಳ ಮಾತ್ರ ಎದ್ದು ಕೂರುತ್ತದೆ. ನಮ್ಮ ಜಿಲ್ಲೆಯಲ್ಲೇ ನೋಡಿದ್ದೇವೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯುವಾಗ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಆ ಒಂದು ಸಾಲಿಗೆ ಎಷ್ಟು ದಿನ ಗಲಾಟೆ ನಡೆಯಿತು! ಅದೇ ತಪ್ಪನ್ನು ಪಂಚಾಯಿತಿ ಮಟ್ಟದಲ್ಲಿ ಮತ್ತೆ ಮಾಡುವುದು ಯಾಕೆ?

ಈಗ ಕಾಯಿಲೆಯ ಲೆಕ್ಕಕ್ಕೆ ಬರೋಣ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಬೆಂಬಲದಿಂದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ದೇಶದ ದೊಡ್ಡವರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 15 ಜನ ಅದರ ಹೊಸ್ತಿಲಲ್ಲಿ. ನಮ್ಮ ರಾಜ್ಯದ ಇನ್ನೊಂದು ಲೆಕ್ಕ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48 ಪರ್ಸೆಂಟ್ ಜನರಿಗೆ ರಕ್ತ ಕಮ್ಮಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 65 ಪರ್ಸೆಂಟ್. ಹಿಂದಿನ ಸಮೀಕ್ಷೆಗಿಂತ ಇದು ಜಾಸ್ತಿಯೇ ಆಗಿದೆ. ಒಂದೇ ಮನೆಯಲ್ಲಿ ಅತ್ತೆಗೆ ಶುಗರ್, ಸೊಸೆಗೆ ರಕ್ತ ಇಲ್ಲ. ಇಬ್ಬರೂ ಉಣ್ಣುವುದು ಒಂದೇ ಪಾತ್ರೆಯ ಅನ್ನ. ಲ್ಯಾಬಿನಲ್ಲಿ ನಾನು ಅತಿ ಹೆಚ್ಚು ನೋಡಿದ ಜೋಡಿ ಅದು.

"ನಮಗೇನು ಮೇಡಂ, ನಾವು ಮುದ್ದೆ ತಿನ್ನೋರು" ಅಂತ ನೀವು ಹೇಳುತ್ತೀರಿ. ರಿಪೋರ್ಟ್ ಕೈಗೆ ಕೊಟ್ಟಾಗ ಎಲ್ಲರೂ ಹೇಳುತ್ತಿದ್ದ ಮಾತೇ ಇದು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆ ಇದೆ, ನಿಜ. ಆದರೆ ಅದು ಬೆಟ್ಟ ಕೀಳುವಷ್ಟು ದುಡಿಯುತ್ತಿದ್ದವರು ತಿಂದ ಹಿಟ್ಟು. ರಾಗಿ ಒಳ್ಳೆಯ ಧಾನ್ಯ, ಅನುಮಾನ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರೂ ಜಾಸ್ತಿ. ಆದರೆ ರಾಗಿಯಲ್ಲೂ ಮುಖ್ಯವಾಗಿ ಇರುವುದು ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿ, ಆಮೇಲೆ ಮೊಸರನ್ನವನ್ನೂ ಉಂಡರೆ ಶುಗರ್ ಏರುತ್ತದೆ. ಆಗ ಹೇಳಿದ ಐಸಿಎಂಆರ್ ಸಮೀಕ್ಷೆಯ ತಂಡವೇ 2025ರಲ್ಲಿ ಊಟದ ಮೇಲೆ ಇನ್ನೊಂದು ವರದಿ ಪ್ರಕಟಿಸಿತು. ನಾವು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು 62 ಪರ್ಸೆಂಟ್ ಬರೀ ಪಿಷ್ಟ, ಸಕ್ಕರೆಯಿಂದ ಬರುತ್ತಿದೆ. ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದಲ್ಲಿ ಸಿರಿಧಾನ್ಯ ತಿಂದವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಕಡಿಮೆ ಏನೂ ಕಾಣಲಿಲ್ಲ. ಪಿಷ್ಟದ ಒಂದು ಪಾಲು ತೆಗೆದು ಆ ಜಾಗಕ್ಕೆ ಕಾಳು, ಬೇಳೆ, ಹಾಲಿನಂಥ ಪ್ರೋಟೀನ್ ತಂದವರಲ್ಲಿ ಕಡಿಮೆ ಕಂಡಿತು.

ನಾನು ಹೇಳಬೇಕಾದದ್ದೆಲ್ಲ ಇಲ್ಲೇ ಇದೆ. ಬಾಡು ಬಿಡಿಸುವುದು ಪಂಚಾಯಿತಿಯ ಕೆಲಸ ಅಲ್ಲ. ಅನ್ನದ ಗುಡ್ಡೆ ಸಣ್ಣದಾಗಬೇಕು, ಆ ಜಾಗಕ್ಕೆ ಕಾಳು, ಸೊಪ್ಪು ಬರಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ದಿನಕ್ಕೆ 400 ಗ್ರಾಂ ಸೊಪ್ಪು ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಕಾಳು ಬೇಳೆ. ಮಾಂಸ, ಮೊಟ್ಟೆ ತಿನ್ನುವವರಿಗೆ ಆ 85 ಗ್ರಾಂನಲ್ಲೇ ಅದೂ ಸೇರುತ್ತದೆ. ನಮ್ಮ ಊರಿನಲ್ಲಿ ಇಡೀ ಮನೆಗೆ ಸೇರಿಸಿದರೂ 400 ಗ್ರಾಂ ಸೊಪ್ಪು ತರಕಾರಿ ಬೇಯದ ದಿನಗಳಿವೆ.

ಇದೇನು ಹೊಸ ಊಟ ಅಲ್ಲ. ಬಸ್ಸಾರು ಮಾಡುವ ಮನೆಗೆ ಪೌಷ್ಟಿಕ ಆಹಾರದ ಪಾಠ ಹೇಳುವುದೇನಿದೆ? ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದ ನೀರಿಗೆ ಖಾರ ಕೂಡಿಸಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಸತ್ವ ಆಚೆ ಹೋಗುವ ಮಾತೇ ಇಲ್ಲ. ಉಪ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿಕಾಳು ಸಾರು, ಮಾಗಿಯಲ್ಲಿ ಹಿತಕಿದ ಅವರೆ, ಹುಚ್ಚೆಳ್ಳು ಚಟ್ನಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ಅಕ್ಕಿಯಲ್ಲಿ 8 ಗ್ರಾಂ ಇರಬಹುದು. ಕಾಳಿನಲ್ಲಿರುವ ನಾರು ಕೆಟ್ಟ ಕೊಲೆಸ್ಟರಾಲ್ ಇಳಿಸುತ್ತದೆ, ಊಟದ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುತ್ತದೆ. ಹೊಟ್ಟೆ ಬೇಗ ತುಂಬುತ್ತದೆ, ಬೆಳಿಗ್ಗೆ ಸಲೀಸಾಗುತ್ತದೆ. ಇದಕ್ಕೆಲ್ಲ ಪೇಟೆಯಿಂದ ಪ್ರೋಟೀನ್ ಡಬ್ಬಿ ತರಬೇಕಾಗಿಲ್ಲ. ಈಗಿನ ಹುಡುಗರು ಜಿಮ್‌ಗೆ ಹೋಗಿ ಆ ಡಬ್ಬಿಗೆ ದುಡ್ಡು ಸುರಿಯುತ್ತಾರೆ, ಅವರ ಅಜ್ಜಿ ಅದೇ ಮನೆಯಲ್ಲಿ ಹುರುಳಿಯನ್ನು ಎತ್ತಿಗೆ ಬೇಯಿಸಿ ಇಡುತ್ತಿರುತ್ತಾರೆ.

ಹಾಗಾದರೆ ಈ ಊಟ ಹೋದದ್ದು ಎಲ್ಲಿಗೆ? ಹೆಂಗಸರಿಗೆ ಸೋಮಾರಿತನ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಅವರು ಒಂದು ದಿನ ಕೂತು ಅಣ್ಣೆ ಸೊಪ್ಪು ಸೋಸಲಿ, ಆಮೇಲೆ ಮಾತಾಡೋಣ. ಊಟ ಹೋದದ್ದು ಹೊಲದಲ್ಲಿ. ಮೊದಲು ರಾಗಿ ಹೊಲ ಅಂದರೆ ಬರೀ ರಾಗಿ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಬರುತ್ತಿತ್ತು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಾಲ್ಕು ಜೋಳ. ಒಂದೇ ಹೊಲದಿಂದ ಹಿಟ್ಟು, ಸಾರು, ಚಟ್ನಿ, ಒಗ್ಗರಣೆ ಎಲ್ಲ ಮನೆಗೆ ಬರುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತಿತ್ತು. ಕಾಳಿನ ಬೇರು ಮಣ್ಣಿಗೂ ಸಾರಜನಕ ಕೊಡುತ್ತಿತ್ತು. ಈಗ ಕಟಾವಿಗೆ ಮಿಷನ್ ಬರುತ್ತದೆ. ಮಿಷನ್ನಿಗೆ ಅಕ್ಕಡಿ ಆಗುವುದಿಲ್ಲ, ಬೇರೆ ಬೇರೆ ಕಾಲಕ್ಕೆ ಕೊಯ್ಲಿಗೆ ಬರುವ ಬೆಳೆ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೇ ಬರೀ ರಾಗಿ. ನೀರಿದ್ದವರು ರಾಗಿಯನ್ನೂ ಬಿಟ್ಟು ತೆಂಗು, ಅಡಿಕೆ ಹಾಕಿದ್ದಾರೆ. ಅವರನ್ನು ಬೈಯುವುದು ಸುಲಭ. ಕೂಲಿಗೆ ಆಳು ಸಿಗದೆ, ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಅವರಾದರೂ ಏನು ಮಾಡಬೇಕು?

ಸೊಪ್ಪಿನದು ಇನ್ನೊಂದು ಕತೆ. ಬೆರಕೆ ಸೊಪ್ಪನ್ನು ಯಾರೂ ಬಿತ್ತುತ್ತಿರಲಿಲ್ಲ. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾನೇ ಬರುತ್ತಿತ್ತು. ಅಣ್ಣೆ, ಕಿರಕಸಾಲೆ, ಗೋಣಿ, ಹೊನಗೊನೆ, ಗಣಿಕೆ, ಎಳೆಯ ತಗಚೆ. ಹೊಲದಿಂದ ಬರುವ ಹೆಂಗಸರ ಮಡಿಲಲ್ಲಿ ಸಂಜೆಯ ಸಾರು ಇರುತ್ತಿತ್ತು, ಅದೂ ಕಾಸಿಲ್ಲದೆ. ಈಗ ಕಳೆನಾಶಕ ಹೊಡೆಯುತ್ತೇವೆ. ಕಳೆ ಅಂತ ನಾವು ಸಾಯಿಸುತ್ತಿರುವುದರಲ್ಲಿ ಅರ್ಧ ನಮ್ಮ ಸಾರೇ. ಉಳಿದ ಸೊಪ್ಪು ಕೀಳುವುದಕ್ಕೂ ಭಯ. ಎಲ್ಲಿ ಯಾವಾಗ ಔಷಧಿ ಹೊಡೆದಿದ್ದಾರೋ ಯಾರಿಗೆ ಗೊತ್ತು? ಭೂಮಿ ಇಲ್ಲದ ಮನೆಗೆ ಇದರ ಪೆಟ್ಟು ಜಾಸ್ತಿ. ಅವರಿಗೆ ಬಿಟ್ಟಿಯಾಗಿ ಸಿಗುತ್ತಿದ್ದ ಏಕೈಕ ಪೌಷ್ಟಿಕ ಆಹಾರ ಅದು.

ಮತ್ತೊಂದು ಕಡೆ ಪಡಿತರ. ಅಕ್ಕಿ ಬಂದದ್ದರಿಂದ ಹಸಿವು ಹೋಯಿತು, ಅದನ್ನು ಮರೆತು ಮಾತಾಡಬಾರದು. ನನ್ನ ವಯಸ್ಸಿನವರಿಗೆ ಹಸಿವು ಏನು ಅಂತ ನೆನಪಿದೆ. ಆದರೆ ಬರೀ ಅಕ್ಕಿ ಬಂದರೆ ಬರೀ ಅಕ್ಕಿಯೇ ಬೇಯುತ್ತದೆ. ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಬೇಳೆ ಸೇರಿಸಿದ್ದು ಒಳ್ಳೆಯದು. ಸಕ್ಕರೆ ಯಾಕೆ ಅಂತ ನನಗೆ ಅರ್ಥವಾಗಿಲ್ಲ. ನಮ್ಮ ಪಂಚಾಯಿತಿ ಒಂದು ಠರಾವು ಮಾಡಿ ಕಳಿಸಬಹುದು. ಸಕ್ಕರೆಯ ಜಾಗಕ್ಕೆ ಹುರುಳಿಯನ್ನೋ ಕಡಲೆಕಾಯಿಯನ್ನೋ ಕೊಡಿ, ನಮ್ಮ ಜಿಲ್ಲೆಯ ರೈತರಿಂದಲೇ ಕೊಳ್ಳಿ ಅಂತ. ಒಂದು ಠರಾವಿಗೆ ಸರ್ಕಾರ ಬದಲಾಗುವುದಿಲ್ಲ, ಗೊತ್ತು. ಆದರೂ ಕೇಳುವುದಕ್ಕೆ ಏನು ಖರ್ಚು?

ಈಗ ರಕ್ತಹೀನತೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಸೊಪ್ಪು ತಿನ್ನಿ ಅಂದರೆ ಸಾಲದು. ಸೊಪ್ಪು ಕಾಳಿನಲ್ಲಿರುವ ಕಬ್ಬಿಣವನ್ನು ನಮ್ಮ ಮೈ ಅಷ್ಟು ಸುಲಭವಾಗಿ ಹೀರುವುದಿಲ್ಲ. ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ, ಇದನ್ನು ಸಸ್ಯಾಹಾರದ ಪರ ಮಾತಾಡುವವರು ಮುಚ್ಚಿಡಬಾರದು. ಆದರೆ ದಾರಿ ಇದೆ. ಸಾರಿಗೆ, ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು ಇರಲಿ. ಅವುಗಳ ಸಿ ವಿಟಮಿನ್ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ಸಹಾಯ ಮಾಡುತ್ತದೆ. ಕಾಳನ್ನು ನೆನೆಸಿ, ಮೊಳಕೆ ಕಟ್ಟಿ ಬೇಯಿಸಿ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಅಂಶ ಆಗ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಉಂಡ ತಕ್ಷಣ ಟೀ, ಕಾಫಿ ಬೇಡ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಅದನ್ನು ದೂರ ಇಡಿ ಅಂತ ಪೋಷಣಾ ಸಂಸ್ಥೆಯೇ ಹೇಳಿದೆ. ಹಿಮೋಗ್ಲೋಬಿನ್ 8ಕ್ಕೆ ಇಳಿದ ಹೆಣ್ಣುಮಕ್ಕಳು ಲ್ಯಾಬಿನ ಬಾಗಿಲಲ್ಲಿ ಮಾತ್ರೆ ನುಂಗಿ, ಎದುರಿನ ಅಂಗಡಿಯಲ್ಲಿ ಟೀ ಕುಡಿಯುವುದನ್ನು ನೋಡಿ ನಾನು ಎಷ್ಟು ಸಲ ಕೂಗಿ ಕರೆದಿದ್ದೇನೋ! ಈ ಒಂದು ಮಾತನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಮುಟ್ಟಿಸಿದರೆ ಹತ್ತು ಬ್ಯಾನರ್‌ಗಿಂತ ಮೇಲು. ಹಾಗಂತ ಆಸ್ಪತ್ರೆಯ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಅಷ್ಟು ಕೆಳಗೆ ಇಳಿದ ರಕ್ತವನ್ನು ಬರೀ ಸೊಪ್ಪಿನಿಂದ ಮೇಲೆತ್ತಲು ಆಗುವುದಿಲ್ಲ.

ಬಿ12 ಅನ್ನುವ ವಿಟಮಿನ್ ಬಗ್ಗೆಯೂ ಹೇಳಬೇಕು. ಗಿಡದಿಂದ ಬರುವ ಆಹಾರದಲ್ಲಿ ಅದು ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ ಸಿಗುತ್ತದೆ. ಹಾಲನ್ನೂ ಬಿಟ್ಟು ಪೂರ್ತಿ ಸಸ್ಯಾಹಾರಕ್ಕೆ ಹೋಗುವವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯಬಹುದು. ಕಾಲು ಜೋಮು ಬಂದರೆ ಎಲ್ಲವನ್ನೂ ಶುಗರ್ ಮೇಲೆ ಹಾಕಬೇಡಿ, ಒಮ್ಮೆ ಬಿ12 ನೋಡಿಸಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಸೊಪ್ಪು, ಕಾಳು ಜಾಸ್ತಿ ಮಾಡಬಾರದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ ಕುಸಿದು ತಲೆ ತಿರುಗಿ ಬೀಳಬಹುದು. ಅವರೂ ಕೇಳಿಕೊಂಡೇ ಬದಲಾಯಿಸಬೇಕು.

ಮಕ್ಕಳ ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಆ ಸಸ್ಯಾಹಾರ ಮಾಸದಲ್ಲಿ ಶಾಲೆಯ ಮೊಟ್ಟೆಯನ್ನೂ ನಿಲ್ಲಿಸೋಣ ಅಂತ ಒಂದು ದನಿ ಬಂತು. ದಯವಿಟ್ಟು ಬೇಡ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರಿಂದ ಸರ್ಕಾರಿ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬರುತ್ತಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. ಮೊಟ್ಟೆ ತಿನ್ನುವ ಮಗುವಿನಿಂದ ಅದನ್ನು ಕಿತ್ತುಕೊಳ್ಳುವುದು ಆರೋಗ್ಯದ ಕೆಲಸ ಅಲ್ಲವೇ ಅಲ್ಲ. ತಿನ್ನದ ಮಗುವಿಗೆ ಬಾಳೆಹಣ್ಣಿನ ಜೊತೆ ಒಂದು ಹಿಡಿ ನೆನೆಸಿದ ಕಡಲೆಕಾಯಿ ಕೊಡಿಸಿ, ಅದು ಆರೋಗ್ಯದ ಕೆಲಸ. ಜೊತೆಗೆ ಶಾಲೆಯ ಗೇಟಿನ ಎದುರಿನ ಅಂಗಡಿ ನೋಡಿ. ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ 2020ರ ಆಹಾರ ಸುರಕ್ಷತಾ ನಿಯಮವೇ ಇದೆ. ಮಾಲೆಮಾಲೆ ತೂಗುವ ಪ್ಯಾಕೆಟ್‌ಗಳ ಬಗ್ಗೆ ಯಾಕೆ ಯಾರೂ ಜಾಥಾ ಮಾಡುವುದಿಲ್ಲ?

ಪಂಚಾಯಿತಿ ಮಾಡಬಹುದಾದ ಕೆಲಸ ಇದೆ, ಎಲ್ಲ ನಿಮ್ಮ ಕೈಯಲ್ಲೇ ಇದೆ. ಸಂತೆಯಿಂದ ಶುರು ಮಾಡಿ. ಸೊಪ್ಪು, ಹಸಿ ಅವರೆ, ಹುರುಳಿ, ಮನೆಯ ಹಿತ್ತಲಿನ ತರಕಾರಿ ಮಾರಲು ಬರುವ ಹೆಂಗಸರಿಗೆ ಸುಂಕ ಬಿಟ್ಟುಬಿಡಿ. ಅವರು ಈಗ ಬಿಸಿಲಲ್ಲಿ, ಸಂತೆಯ ಕೊನೆಯಲ್ಲಿ, ಗೋಣಿ ಹಾಸಿಕೊಂಡು ಕೂರುತ್ತಾರೆ. ಮುಂದಿನ ಸಾಲಿನಲ್ಲಿ ನೆರಳಿರುವ ಕಡೆ ಜಾಗ ಕೊಡಿ. ಪಂಚಾಯಿತಿಗೆ ಅವರಿಂದ ಬರುವ ಸುಂಕ ಎಷ್ಟು ಮಹಾ?

ಕೆರೆ ಏರಿ, ಶಾಲೆ ಬಯಲು, ಗುಂಡುತೋಪು, ರಸ್ತೆ ಬದಿಯಲ್ಲಿ ಕಳೆನಾಶಕ ಹೊಡೆಯಬಾರದು ಅಂತ ತೀರ್ಮಾನ ಮಾಡಿ. ಅಲ್ಲಿ ಬರುವ ಸೊಪ್ಪು ಯಾರು ಬೇಕಾದರೂ ಕಿತ್ತುಕೊಳ್ಳಲಿ. ಅಂಗನವಾಡಿ, ಶಾಲೆ, ಪಂಚಾಯಿತಿ ಕಚೇರಿ, ನೀರಿನ ಟ್ಯಾಂಕ್ ಪಕ್ಕ ನುಗ್ಗೆ, ಕರಿಬೇವು, ನಿಂಬೆ, ನೆಲ್ಲಿ, ಪರಂಗಿ ನೆಡಿಸಿ. ನುಗ್ಗೆ ಸೊಪ್ಪಿನ ಕ್ಯಾಲ್ಸಿಯಂ ರಾಗಿಗೆ ಹತ್ತಿರ ಹತ್ತಿರ ಬರುತ್ತದೆ. ಒಂದು ಕೊಂಬೆ ನೆಟ್ಟರೆ ವರ್ಷದೊಳಗೆ ಸೊಪ್ಪು ಸಿಗುತ್ತದೆ. ಬಿಸಿಯೂಟದ ಸಾರಿಗೆ ಅದೇ ಸೊಪ್ಪು ಬೀಳಲಿ. ಮನೆ ಮುಂದೆ ನುಗ್ಗೆ ನೆಡಬಾರದು ಅಂತ ಹಿರಿಯರು ಹೇಳುತ್ತಾರೆ, ಸರಿ, ಪಂಚಾಯಿತಿ ಮುಂದೆ ನೆಡಬಾರದು ಅಂತ ಯಾರೂ ಹೇಳಿಲ್ಲವಲ್ಲ.

ಅಕ್ಕಡಿ ಮಾಡುವ ರೈತರಿಗೆ ಬೀಜ ಬೇಕು. ನಮ್ಮ ಹಳೆಯ ಅವರೆ, ಅಲಸಂದೆ, ಹುಚ್ಚೆಳ್ಳಿನ ಬೀಜ ಇನ್ನೂ ಕೆಲವು ಅಜ್ಜಿಯರ ಮಡಕೆಯಲ್ಲಿ ಬೂದಿ ಬೆರೆಸಿ ಕೂತಿದೆ. ಸ್ತ್ರೀಶಕ್ತಿ ಸಂಘದವರು ಅದನ್ನು ಸೇರಿಸಿ, ಮುಂಗಾರಿಗೆ ಹಂಚಿ, ಸುಗ್ಗಿಯಲ್ಲಿ ಅದಕ್ಕೆ ಸ್ವಲ್ಪ ಕೂಡಿಸಿ ವಾಪಸ್ ಪಡೆಯಲಿ. ಇದಕ್ಕೆ ಪಂಚಾಯಿತಿ ಕೊಡಬೇಕಾದ್ದು ಒಂದು ಬೀರು, ಒಂದು ಬೀಗ, ಒಂದು ರಿಜಿಸ್ಟರ್. ಎಲ್ಲ ಹೊಲದಲ್ಲೂ ಅಕ್ಕಡಿ ಮತ್ತೆ ಬರುತ್ತದೆ ಅನ್ನುವ ಭ್ರಮೆ ನನಗಿಲ್ಲ. ಮನೆಗೆ ಬೇಕಾದಷ್ಟು ಒಂದು ಮೂಲೆಯಲ್ಲಿ ಬಂದರೂ ಸಾಕು.

ಕೊನೆಗೆ, ಪಂಚಾಯಿತಿ ಸಭೆಯ ತಿಂಡಿ. ಈಗ ಖಾರಾ ಬನ್ನು, ಬಿಸ್ಕತ್ತು, ಸಕ್ಕರೆ ತುಂಬಿದ ಟೀ. ನಿಮ್ಮಲ್ಲೇ ಎಷ್ಟು ಜನರ ಶುಗರ್ ರಿಪೋರ್ಟ್ ನನಗೆ ಗೊತ್ತು ಅಂತ ಇಲ್ಲಿ ಬರೆಯುವುದಿಲ್ಲ, ಹೆದರಬೇಡಿ. ಅದರ ಬದಲು ಕಾಳಿನ ಉಸ್ಲಿ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಇರಲಿ. ಸಂಘದ ಹೆಂಗಸರಿಗೆ ಗುತ್ತಿಗೆ ಕೊಡಿ, ಅವರಿಗೂ ನಾಲ್ಕು ಕಾಸು ಆಗುತ್ತದೆ. ಜನ ನೋಡುವುದು ನೀವು ಹೇಳುವುದನ್ನಲ್ಲ, ತಿನ್ನುವುದನ್ನು.

ಹಾಗಾಗಿ ಅಧ್ಯಕ್ಷರೇ, ಸಸ್ಯಾಹಾರ ಮಾಸದ ಪ್ರಸ್ತಾವ ಮತ್ತೆ ಬಂದಾಗ ಅದನ್ನು ಪೂರ್ತಿ ಕೈಬಿಡಬೇಡಿ, ತಿದ್ದಿ. ಮಾಂಸದಂಗಡಿ ಮುಚ್ಚಿಸುವ ಸಾಲು, ಮೊಟ್ಟೆ ನಿಲ್ಲಿಸುವ ಸಾಲು ಹೊಡೆದು ಹಾಕಿ. ಸಂತೆ ಸುಂಕ, ಕಳೆನಾಶಕ, ನುಗ್ಗೆ ಗಿಡ, ಬೀಜದ ಬೀರು, ಗೇಟಿನ ಅಂಗಡಿ, ಇವನ್ನು ಸೇರಿಸಿ. ಸೆಪ್ಟೆಂಬರ್‌ನಲ್ಲಿ ಹೇಗೂ ಪೌಷ್ಟಿಕ ಆಹಾರಕ್ಕೆಂದೇ ಸರ್ಕಾರ ನಡೆಸುವ ಪೋಷಣ ಮಾಸ ಬರುತ್ತದೆ, ಆಗಲೇ ಶುರು ಮಾಡಬಹುದು. ಎದ್ದು ಹೋದವರ ಮನೆಗೆ ನೀವೇ ಹೋಗಿ ಕರೆಯಿರಿ. ಅವರಲ್ಲಿ ಎಷ್ಟೋ ಜನ ನಮಗಿಂತ ಚೆನ್ನಾಗಿ ಸೊಪ್ಪು ಗುರುತಿಸುತ್ತಾರೆ.

ಸಭೆಯ ದಿನಾಂಕ ನೋಟಿಸ್ ಬೋರ್ಡಿಗೆ ಹಾಕಿಸಿ. ಊಟಕ್ಕೆ ಏನು ಕೂಡಿಸಬೇಕು, ಯಾರು ಎಷ್ಟು ತಿನ್ನಬೇಕು ಅಂತ ಕೇಳುವವರಿದ್ದರೆ ರಿಪೋರ್ಟ್ ಹಿಡಿದುಕೊಂಡು ಬರಲಿ, ನಾನು ಬೇಗ ಬಂದು ಕೂತಿರುತ್ತೇನೆ.

ಇಂತಿ,
ನಿಮ್ಮ ಊರಿನ ಲ್ಯಾಬ್ ಮೇಡಂ